ಹೊರನಾಡಿನ ಮಕ್ಕಳ ಮನೆಮಾತು ಮತ್ತು ಗಮನದ ಕಲಿಕೆ

ಮನೆಯೊಳಗೆ ಹಿರಿಯರು ಆಡುವ ಮಾತು ಒಂದು, ಶಾಲೆ, ಬೀದಿ, ಅಂಗಡಿ, ಆಟದ ಮೈದಾನಗಳ ಮಾತು ಇನ್ನೊಂದು ಆಗಿರುವ ಊರಿನಲ್ಲಿ ಬೆಳೆಯುವ ಮಗುವಿಗೆ ಸಂಬಂಧಿಸಿದಂತೆ ಆ ಮನೆಮಾತನ್ನು ಭಾಷಾವಿಜ್ಞಾನಿಗಳು ಪಾರಂಪರಿಕ ಭಾಷೆ ಎಂದು ಕರೆಯುತ್ತಾರೆ. ಕೆನಡಾದ ಆಂಟೇರಿಯೊ ಪ್ರಾಂತವು 1977ರಲ್ಲಿ ವಲಸಿಗರ ಮಕ್ಕಳಿಗೆ ಅವರವರ ಮನೆಮಾತನ್ನು ವಾರಕ್ಕೆ ಎರಡೂವರೆ ಗಂಟೆಗಳವರೆಗೆ ಕಲಿಸುವ ಯೋಜನೆಯನ್ನು ಆರಂಭಿಸಿದ ಮೇಲೆ ಈ ಹೆಸರು ಶಿಕ್ಷಣದ ಚರ್ಚೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂತು. ಇಂದು ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಟೊರಾಂಟೊ, ಸಿಡ್ನಿ, ಲಂಡನ್, ದುಬೈ ಮುಂತಾದ ಕಡೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೆ ಕನ್ನಡವು ಇಂಥ ಪಾರಂಪರಿಕ ಭಾಷೆಯಾಗಿದ್ದು, ಅಲ್ಲಿನ ಕನ್ನಡ ಕೂಟಗಳೂ ತಂದೆತಾಯಿಗಳ ಗುಂಪುಗಳೂ ಶನಿವಾರ ಅಥವಾ ಭಾನುವಾರ ನಡೆಸುವ ಕನ್ನಡ ತರಗತಿಗಳು ಈ ಮಕ್ಕಳು ಅಕ್ಷರ ಕಲಿಯುವ ಮುಖ್ಯ ತಾಣಗಳಾಗಿವೆ.

ಈ ತರಗತಿಗಳ ಮೊದಲ ಕಷ್ಟ ಸಮಯದ್ದು. ವಾರಕ್ಕೆ ಎರಡು ಗಂಟೆಯಂತೆ ವರ್ಷದಲ್ಲಿ 36 ವಾರ ಪಾಠ ನಡೆದರೆ ಮಗುವಿಗೆ ಸಿಗುವುದು 72 ಗಂಟೆಗಳ ಕನ್ನಡ; ಅದೇ ಮಗು ದಿನಕ್ಕೆ ಆರು ಗಂಟೆಯಂತೆ 180 ದಿನ ಶಾಲೆಗೆ ಹೋದರೆ 1,080 ಗಂಟೆಗಳ ಇಂಗ್ಲಿಷನ್ನು ಕೇಳುತ್ತದೆ, ಮತ್ತು ಗೆಳೆಯರ, ಟಿವಿಯ, ಆಟಗಳ ಇಂಗ್ಲಿಷ್ ಈ ಲೆಕ್ಕದ ಹೊರಗೇ ಉಳಿಯುತ್ತದೆ. ಈ ಅಂತರವನ್ನು ಇನ್ನೊಂದು ಗಂಟೆಯ ಪಾಠದಿಂದಾಗಲಿ, ಇನ್ನೊಂದು ಪುಟದ ಮನೆಗೆಲಸದಿಂದಾಗಲಿ ತುಂಬಲಾಗದು. ಆದ್ದರಿಂದ ಸಿಕ್ಕಿರುವ ಅಲ್ಪ ಸಮಯದೊಳಗೆ ಮಗುವಿನ ಗಮನ ಎಲ್ಲಿರುತ್ತದೆ, ಮಗುವಿನ ಮೇಲೆ ದೊಡ್ಡವರ ಗಮನ ಎಷ್ಟಿರುತ್ತದೆ ಎಂಬ ಪ್ರಶ್ನೆಯೇ ಮನೆಮಾತಿನ ಶಿಕ್ಷಣದಲ್ಲಿ ನಿರ್ಣಾಯಕವಾಗುತ್ತದೆ. ಇಲ್ಲಿ ಗಮನವೆಂದರೆ ಕೈಕಟ್ಟಿ ಸುಮ್ಮನೆ ಕೂರುವ ಶಿಸ್ತೆಂದು ತಿಳಿಯಬೇಕಾಗಿಲ್ಲ. ಒಂದು ದನಿ, ಒಂದು ಪ್ರತ್ಯಯ, ಒಂದು ಅಕ್ಷರ ಅರ್ಥವನ್ನು ಹೇಗೆ ಬದಲಿಸುತ್ತದೆ ಎಂಬುದು ಮಗುವಿನ ಅರಿವಿಗೆ ಬರುವುದನ್ನೂ, ಆ ಅರಿವು ಮೂಡುವಂತೆ ದೊಡ್ಡವರು ಮಗುವಿನ ಜೊತೆ ತೊಡಗಿಕೊಳ್ಳುವುದನ್ನೂ ಈ ಲೇಖನದಲ್ಲಿ ಗಮನ ಎಂದು ಕರೆಯಲಾಗಿದೆ.

ಕಿವಿಗೆ ಬಿದ್ದುದೆಲ್ಲ ಕಲಿಕೆಯಲ್ಲ

ಹುಟ್ಟುವಾಗ ಮಗುವಿನ ಕಿವಿ ಲೋಕದ ಯಾವ ಭಾಷೆಗೂ ಸಿದ್ಧವಾಗಿರುತ್ತದೆ, ಆದರೆ ಆ ಸಿದ್ಧತೆ ಹೆಚ್ಚು ಕಾಲ ನಿಲ್ಲುವುದಿಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳಲ್ಲಿ ಬೆಳೆಯುತ್ತಿದ್ದ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ದಂತ್ಯ ಮತ್ತು ಮೂರ್ಧನ್ಯ ಧ್ವನಿಗಳನ್ನು, ಎಂದರೆ ನಾಲಗೆಯ ತುದಿ ಹಲ್ಲಿಗೆ ತಾಗಿ ಹುಟ್ಟುವ ‘ತ’ಕಾರವನ್ನೂ ನಾಲಗೆ ಮೇಲಕ್ಕೆ ಮಡಿಚಿ ಹುಟ್ಟುವ ‘ಟ’ಕಾರವನ್ನೂ, ಸುಲಭವಾಗಿ ಬೇರ್ಪಡಿಸಿದವು, ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಕುಂದಿತ್ತು. ಈ ಫಲಿತಾಂಶ ಕನ್ನಡಕ್ಕೆ ನೇರವಾಗಿ ಸಂಬಂಧಿಸಿದೆ, ಏಕೆಂದರೆ ಹತ್ತಿ ಮತ್ತು ಹಟ್ಟಿ, ಮನೆ ಮತ್ತು ಮಣೆ, ಬೆಲೆ ಮತ್ತು ಬೆಳೆ ಎಂಬ ಜೋಡಿಗಳನ್ನು ಬೇರೆ ಮಾಡುವುದು ಇದೇ ಬಗೆಯ ವ್ಯತ್ಯಾಸ, ಮತ್ತು ಇಂಗ್ಲಿಷನ್ನಷ್ಟೇ ಕೇಳುತ್ತ ಬೆಳೆದ ಕಿವಿಗೆ ಇವೆರಡರ ನಡುವಿನ ಗೆರೆ ಬೇಗ ಮಸುಕಾಗುತ್ತದೆ.

ಹಾಗಾದರೆ ಕನ್ನಡ ಹಾಡುಗಳ ಮತ್ತು ಕಾರ್ಟೂನುಗಳ ವಿಡಿಯೊಗಳನ್ನು ಮಗುವಿನ ಮುಂದೆ ಓಡಿಸಿದರೆ ಸಾಕೆ ಎಂಬ ಪ್ರಶ್ನೆಗೆ ಅಮೆರಿಕದ ಪೆಟ್ರಿಶಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರ ನೀಡುತ್ತದೆ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಶಿಶುಗಳೊಂದಿಗೆ ಚೀನಾದ ಮ್ಯಾಂಡರಿನ್ ಭಾಷೆ ಆಡುವವರು ಸುಮಾರು ನಾಲ್ಕು ವಾರಗಳಲ್ಲಿ ಹನ್ನೆರಡು ಬಾರಿ ಎದುರಿಗೆ ಕುಳಿತು ಪುಸ್ತಕ ಓದಿ, ಆಟಿಕೆ ತೋರಿಸಿ ಮಾತನಾಡಿದಾಗ, ಆ ಶಿಶುಗಳು ಮ್ಯಾಂಡರಿನ್ನಿನ ಧ್ವನಿಭೇದವನ್ನು ಗುರುತಿಸುವುದರಲ್ಲಿ ತೈವಾನಿನ ಶಿಶುಗಳ ಮಟ್ಟವನ್ನೇ ಮುಟ್ಟಿದವು. ಅದೇ ಜನರ ಅದೇ ಮಾತನ್ನು ಪರದೆಯ ಮೇಲೆ ನೋಡಿದ ಅಥವಾ ಧ್ವನಿಮುದ್ರಣದಲ್ಲಿ ಕೇಳಿದ ಶಿಶುಗಳಲ್ಲಿ ಅಂಥ ಕಲಿಕೆ ಕಂಡುಬರಲಿಲ್ಲ. ಸದ್ದು ಎರಡೂ ಕಡೆ ಒಂದೇ ಆಗಿದ್ದರೂ, ಮಗು ನೋಡಿದತ್ತ ತಾನೂ ನೋಡುವ, ಮಗು ನಕ್ಕಾಗ ತಾನೂ ನಗುವ, ಮಗು ಬೇಸತ್ತಾಗ ಆಟಿಕೆ ಬದಲಿಸುವ ಮನುಷ್ಯ ಪರದೆಯಲ್ಲಿರಲಿಲ್ಲ.

ಮಗುವೂ ದೊಡ್ಡವರೂ ಒಂದೇ ವಸ್ತುವಿನ ಮೇಲೆ ಕಣ್ಣಿಟ್ಟು, ಇಬ್ಬರೂ ಅದನ್ನೇ ನೋಡುತ್ತಿದ್ದೇವೆಂದು ಪರಸ್ಪರ ತಿಳಿದಿರುವ ಸ್ಥಿತಿಯನ್ನು ಮನೋವಿಜ್ಞಾನದಲ್ಲಿ ಜಂಟಿ ಗಮನ ಎನ್ನುತ್ತಾರೆ. ಮೈಕಲ್ ಟೊಮಾಸೆಲ್ಲೊ ಮತ್ತು ಜೆಫ್ರಿ ಫರಾರ್ 1986ರಲ್ಲಿ ತೋರಿಸಿದಂತೆ, ಮಗುವಿನ ಕಣ್ಣು ಆಗಲೇ ನೆಟ್ಟಿರುವ ವಸ್ತುವನ್ನು ಹೆಸರಿಸಿದರೆ ಮಗು ಆ ಪದವನ್ನು ಚೆನ್ನಾಗಿ ಕಲಿಯುತ್ತದೆ, ಅದರ ಗಮನವನ್ನು ಬೇರೆಡೆಗೆ ಎಳೆದು ಹೆಸರು ಹೇಳಿದರೆ ಕಲಿಕೆ ಅಷ್ಟು ಗಟ್ಟಿಯಾಗುವುದಿಲ್ಲ. ಕಿಟಕಿಯಾಚೆ ಓಡುವ ಅಳಿಲನ್ನು ನೋಡುತ್ತಿರುವ ಮಗುವಿಗೆ ಆ ಕ್ಷಣದಲ್ಲಿ ‘ಅಳಿಲು ಮರ ಹತ್ತಿತು ನೋಡು’ ಎನ್ನುವ ಒಂದು ವಾಕ್ಯವು, ಚಿತ್ರಪಟದ ಮುಂದೆ ಕೂರಿಸಿ ಹೇಳಿಸುವ ಇಪ್ಪತ್ತು ಪ್ರಾಣಿಗಳ ಹೆಸರಿಗಿಂತ ಹೆಚ್ಚು ಕೆಲಸ ಮಾಡಬಲ್ಲದು ಎಂಬುದು ಇದರಿಂದ ಹೊರಡುವ ಪಾಠ.

ದೂರದೂರಿನಲ್ಲಿರುವ ಅಜ್ಜ ಅಜ್ಜಿಯರಿಗೂ ಇದರಲ್ಲಿ ಒಂದು ಭರವಸೆಯಿದೆ. ಎರಡರಿಂದ ಎರಡೂವರೆ ವರ್ಷದ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಮೊದಲೇ ಚಿತ್ರಿಸಿಟ್ಟ ವಿಡಿಯೊದಿಂದ ಹೊಸ ಕ್ರಿಯಾಪದಗಳನ್ನು ಕಲಿಯದ ಮಕ್ಕಳು, ಎದುರಿನವರು ತಮ್ಮ ಮಾತಿಗೆ ತಕ್ಷಣ ಪ್ರತಿಕ್ರಿಯಿಸುವ ವಿಡಿಯೊ ಕರೆಯ ಮೂಲಕ ಅವನ್ನು ಕಲಿತರು. ಹಾಗೆಂದರೆ ಕಲಿಕೆಗೆ ಅಡ್ಡಿಯಾಗುವುದು ಪರದೆಗಿಂತ ಹೆಚ್ಚಾಗಿ ಪ್ರತಿಕ್ರಿಯೆಯ ಅಭಾವ. ‘ಊಟ ಆಯ್ತಾ, ಶಾಲೆಗೆ ಹೋಗಿದ್ಯಾ’ ಎಂಬ ಎರಡು ಪ್ರಶ್ನೆಗಳಲ್ಲಿ ಮುಗಿಯುವ ಕರೆಗಿಂತ, ಮಗು ಕಟ್ಟಿದ ಗೋಪುರವನ್ನೋ ಬರೆದ ಚಿತ್ರವನ್ನೋ ಮುಂದಿಟ್ಟುಕೊಂಡು ಅಜ್ಜಿ ಅದರ ಬಗ್ಗೆಯೇ ಕೇಳುತ್ತ ಹೋಗುವ ಕರೆ ಹೆಚ್ಚು ಕನ್ನಡವನ್ನು ದಾಟಿಸುತ್ತದೆ.

ಸುಮ್ಮನೆ ಕಿವಿಗೆ ಬಿದ್ದ ಮಾತೂ ಪೂರ್ತಿ ವ್ಯರ್ಥವಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ಬಾಲ್ಯದಲ್ಲಿ ಸ್ಪ್ಯಾನಿಶ್ ಭಾಷೆಯನ್ನು ಆಡದೆ ಬರೀ ಕೇಳಿಸಿಕೊಂಡು ಬೆಳೆದವರು ಮುಂದೆ ಕಾಲೇಜಿನಲ್ಲಿ ಅದನ್ನು ಕಲಿಯತೊಡಗಿದಾಗ ಏನಾಗುತ್ತದೆ ಎಂಬುದನ್ನು ಟೆರ್ರಿ ಔ ಮತ್ತು ಸಂಗಡಿಗರು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದರು. ಅಂಥವರ ಉಚ್ಚಾರಣೆ ಇತರ ಹೊಸ ಕಲಿಕೆಗಾರರಿಗಿಂತ ಸಹಜವಾಗಿತ್ತು, ಆದರೆ ವ್ಯಾಕರಣದಲ್ಲಿ ಅವರಿಗೆ ಯಾವ ಮುನ್ನಡೆಯೂ ಇರಲಿಲ್ಲ. ಕೇಳಿಸಿಕೊಂಡ ಭಾಷೆ ಕಿವಿಯಲ್ಲಿ ಉಳಿಯುತ್ತದೆ. ವಾಕ್ಯ ಕಟ್ಟುವ ಶಕ್ತಿ ಮಾತ್ರ ಆಡುತ್ತ, ಗಮನಿಸುತ್ತ ಬರಬೇಕಾಗುತ್ತದೆ.

ವ್ಯಾಕರಣವು ಕಣ್ಣಿಗೆ ಬೀಳುವ ಬಗೆ

ಸಂಭಾಷಣೆಯಲ್ಲಿ ಮಗುವಿನ ಗಮನ ಸಹಜವಾಗಿ ಅರ್ಥದ ಮೇಲಿರುತ್ತದೆ, ಮಾತಿನ ರೂಪದ ಮೇಲಲ್ಲ. ‘ಬಾ’, ‘ಊಟ’, ‘ತಟ್ಟೆ’ ಎಂಬ ಮೂರು ಶಬ್ದ ಕೇಳಿದರೆ ಸಾಕು, ಉಳಿದ ಪ್ರತ್ಯಯಗಳು ಕಿವಿಗೆ ಬೀಳದೆ ಹೋದರೂ ಮಗು ಊಟಕ್ಕೆ ಬರುತ್ತದೆ. ಹೀಗಾಗಿ ವರ್ಷಗಟ್ಟಲೆ ಕನ್ನಡ ಕೇಳಿ, ಹೇಳಿದ್ದನ್ನೆಲ್ಲ ತಿಳಿಯುವ ಮಗು ತಾನೇ ಮಾತನಾಡಲು ಹೊರಟಾಗ ತಡವರಿಸುವುದು ಅಸಹಜವಲ್ಲ. ಅಮೆರಿಕದ ಭಾಷಾಶಾಸ್ತ್ರಜ್ಞ ರಿಚರ್ಡ್ ಶ್ಮಿಟ್ 1990ರಲ್ಲಿ ಮಂಡಿಸಿದ ವಾದದ ಪ್ರಕಾರ, ಕಿವಿಗೆ ಬಿದ್ದ ಭಾಷಾರೂಪವು ಕಲಿತ ಭಾಷೆಯಾಗಬೇಕಾದರೆ ಕಲಿಯುವವರು ಆ ರೂಪವನ್ನು ಪ್ರಜ್ಞಾಪೂರ್ವಕವಾಗಿ ಗುರುತಿಸಿಕೊಳ್ಳಬೇಕು. ಈ ಅರಿವು ಎಷ್ಟು ಸ್ಪಷ್ಟವಾಗಿರಬೇಕು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಗಮನವೇ ಇಲ್ಲದೆ ಸೂಕ್ಷ್ಮ ರೂಪಗಳು ಕೈವಶವಾಗುವುದು ಕಷ್ಟ ಎಂಬುದನ್ನು ಬಹುಮಂದಿ ಒಪ್ಪುತ್ತಾರೆ.

ಕನ್ನಡದಲ್ಲಿ ಇಂಥ ಗಮನವನ್ನು ಬೇಡುವ ಜಾಗಗಳು ಹಲವು. ಇಂಗ್ಲಿಷಿನಲ್ಲಿ ಹಸಿವು, ನೋವು, ಇಷ್ಟ, ತಿಳಿವಳಿಕೆಗಳನ್ನು ಹೇಳುವಾಗ ವಾಕ್ಯವು ಸಾಮಾನ್ಯವಾಗಿ ‘ನಾನು’ ಎಂಬ ಕರ್ತೃಪದದಿಂದ ತೊಡಗುತ್ತದೆ; ಕನ್ನಡದಲ್ಲಿ ಅನುಭವಿಸುವವರು ಚತುರ್ಥೀ ವಿಭಕ್ತಿಯಲ್ಲಿ, ಎಂದರೆ ‘ಗೆ’ ಅಥವಾ ‘ಕೆ’ ಪ್ರತ್ಯಯ ಹೊತ್ತು ಬರುತ್ತಾರೆ, ಹಾಗಾಗಿಯೇ ‘ನನಗೆ ಹಸಿವಾಗಿದೆ’, ‘ಅಜ್ಜಿಗೆ ಮಂಡಿ ನೋಯುತ್ತದೆ’, ‘ಅಣ್ಣನಿಗೆ ಈಜಲು ಬರುತ್ತದೆ’ ಎನ್ನುತ್ತೇವೆ. ಇಂಗ್ಲಿಷಿನ ನಿಷೇಧಪದವೊಂದು ನಿಭಾಯಿಸುವ ಕೆಲಸವನ್ನು ಕನ್ನಡವು ‘ಇಲ್ಲ’, ‘ಅಲ್ಲ’, ‘ಬೇಡ’, ‘ಬಾರದು’ ಎಂದು ಹಂಚಿಟ್ಟಿದೆ. ‘ಅಜ್ಜ ಮನೆಯಲ್ಲಿಲ್ಲ’ ಎಂಬಲ್ಲಿ ಇರುವಿಕೆಯನ್ನೂ ‘ಅವರು ನನ್ನ ಅಜ್ಜ ಅಲ್ಲ’ ಎಂಬಲ್ಲಿ ಗುರುತನ್ನೂ ನಿರಾಕರಿಸಲಾಗುತ್ತದೆ. ‘ಅಣ್ಣ ಬಂದ’ ಎನ್ನುವ ಮಗು ‘ಮೇಷ್ಟ್ರು ಬಂದರು’ ಎನ್ನಬೇಕೆಂಬ ಮರ್ಯಾದೆಯ ಲೆಕ್ಕವೂ ಕ್ರಿಯಾಪದದ ಕೊನೆಯಲ್ಲೇ ಅಡಗಿದೆ. ಇವನ್ನು ಸೂತ್ರಗಳ ಪಟ್ಟಿಯಾಗಿ ಬಾಯಿಪಾಠ ಮಾಡಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಒಂದು ಡಬ್ಬಿಯಲ್ಲಿ ಏನಿದೆ ಏನಿಲ್ಲ ಎಂದು ಊಹಿಸುವ ಆಟ, ಚಿತ್ರದಲ್ಲಿರುವುದು ಹಸುವೋ ಅಲ್ಲವೋ ಎಂದು ವಾದಿಸುವ ಆಟ ನಡೆದಾಗ ಮಗು ತಾನೇ ‘ಇಲ್ಲ’ ಮತ್ತು ‘ಅಲ್ಲ’ಗಳ ಬೇರೆತನವನ್ನು ಕಂಡುಕೊಳ್ಳುತ್ತದೆ, ಹಾಗೆ ಕಂಡುಕೊಂಡದ್ದು ನಿಲ್ಲುತ್ತದೆ.

ತಪ್ಪನ್ನು ತಿದ್ದುವ ಬಗೆಯೂ ಇದೇ ಪ್ರಶ್ನೆಗೆ ಸೇರಿದ್ದು. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಕಲಿಯುವ ಮಕ್ಕಳ ತರಗತಿಗಳನ್ನು ಅಭ್ಯಸಿಸಿದ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲಿ ತಿಳಿಸಿದಂತೆ, ಶಿಕ್ಷಕರು ಅತಿ ಹೆಚ್ಚು ಬಳಸಿದ ವಿಧಾನವೆಂದರೆ ಮಗುವಿನ ತಪ್ಪು ವಾಕ್ಯವನ್ನು ತಾವೇ ಸರಿಯಾಗಿ ಮರುನುಡಿಯುವುದು, ಆದರೆ ಮಕ್ಕಳು ತಮ್ಮ ಮಾತನ್ನು ತಿದ್ದಿಕೊಳ್ಳುವಂತೆ ಮಾಡುವುದರಲ್ಲಿ ಅತಿ ದುರ್ಬಲವಾಗಿದ್ದುದೂ ಅದೇ. ತಾನು ಹೇಳಿದ್ದನ್ನು ಶಿಕ್ಷಕರು ಒಪ್ಪಿದರೆಂದು ಮಗು ಭಾವಿಸಿ ಮುಂದಕ್ಕೆ ಹೋಗಿಬಿಡುವ ಸಾಧ್ಯತೆ ಅಲ್ಲಿ ಹೆಚ್ಚು. ‘ಇನ್ನೊಮ್ಮೆ ಹೇಳು ನೋಡೋಣ’, ‘ಅಜ್ಜಿ ನೋಯುತ್ತದೆಯೋ, ಅಜ್ಜಿಗೆ ನೋಯುತ್ತದೆಯೋ’ ಎಂದು ಸರಿಯಾದ ರೂಪವನ್ನು ಮಗುವಿನ ಬಾಯಿಂದಲೇ ಹೊರಡಿಸುವ ಪ್ರಶ್ನೆಗಳು ಗಮನವನ್ನು ರೂಪದತ್ತ ತಿರುಗಿಸುತ್ತವೆ. ಆದರೆ ನೆಂಟರ ಮುಂದೆ ನಗುವುದು, ಉಚ್ಚಾರಣೆಯನ್ನು ಅಣಕಿಸುವುದು, ಪ್ರತಿ ವಾಕ್ಯವನ್ನೂ ತಡೆದು ತಿದ್ದುವುದು ಮಗುವಿನ ಗಮನವನ್ನು ಭಾಷೆಯಿಂದ ಕಿತ್ತು ಅದರ ಅವಮಾನದ ಮೇಲೆ ಕೂರಿಸುತ್ತವೆ, ಮತ್ತು ಹಾಗಾದ ಮಗು ಮಾತನ್ನು ಕೈಬಿಟ್ಟು ಸುರಕ್ಷಿತವಾದ ಇಂಗ್ಲಿಷಿಗೆ ಮರಳುತ್ತದೆ.

ಅಕ್ಷರಕ್ಕೆ ಬೇಕಾದ ತಾಳ್ಮೆ

ಮಾತಿನಿಂದ ಬರಹಕ್ಕೆ ಬಂದಾಗ ಗಮನದ ಬೇಡಿಕೆ ಇನ್ನೂ ಹೆಚ್ಚುತ್ತದೆ. ಕನ್ನಡ ವರ್ಣಮಾಲೆಯಲ್ಲಿ ಅಕ್ಷರಗಳು 49 ಆದರೂ, 34 ವ್ಯಂಜನಗಳಿಗೆ ಸ್ವರಚಿಹ್ನೆಗಳು ಸೇರಿ ಆಗುವ ಗುಣಿತಾಕ್ಷರಗಳೇ ನಾನೂರನ್ನು ದಾಟುತ್ತವೆ, ಅವುಗಳ ಮೇಲೆ ಒತ್ತಕ್ಷರಗಳು ಬೇರೆ. ಬೆಂಗಳೂರಿನ ಮಕ್ಕಳ ಓದಿನ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ತೋರಿಸಿರುವಂತೆ, ಇಂಗ್ಲಿಷಿನ ಅಕ್ಷರಗಳ ಪರಿಚಯ ಮೊದಲ ಶಾಲಾವರ್ಷಗಳಲ್ಲೇ ಮುಗಿದರೆ, ಕನ್ನಡದ ಅಕ್ಷರಗಳ ಮೇಲಿನ ಹಿಡಿತ ನಾಲ್ಕನೆಯ ತರಗತಿಯ ಹೊತ್ತಿಗೂ ಬೆಳೆಯುತ್ತಲೇ ಇರುತ್ತದೆ. ಸುತ್ತಲೂ ಕನ್ನಡದ ಫಲಕಗಳಿರುವ ಊರಿನ, ಪ್ರತಿದಿನ ಶಾಲೆಗೆ ಹೋಗುವ ಮಕ್ಕಳ ಸ್ಥಿತಿಯೇ ಹೀಗಿರುವಾಗ, ವಾರಕ್ಕೊಮ್ಮೆ ಕನ್ನಡದ ಪುಟ ತೆರೆಯುವ ಮಗು ಒಂದು ವರ್ಷದಲ್ಲಿ ಕಾಗುಣಿತ ಮುಗಿಸಬೇಕೆಂದು ಬಯಸುವುದು ನ್ಯಾಯವಲ್ಲ.

ಈ ಅವಸರದ ಪರಿಣಾಮವಾಗಿ ಅನೇಕ ತರಗತಿಗಳಲ್ಲಿ ಅಕ್ಷರಗಳು ಅರ್ಥವಿಲ್ಲದ ಆಕಾರಗಳಾಗಿ ನಕಲುಗೊಳ್ಳುತ್ತವೆ. ಮಗು ‘ಣ’ವನ್ನು ಹತ್ತು ಸಾಲು ಬರೆದರೂ ಅದು ಯಾವ ದನಿಯೆಂದು ಕೇಳಿದರೆ ‘ನ’ ಎನ್ನುತ್ತದೆ. ಕೈ ಚಲಿಸಿದರೂ ಕಿವಿಯ ಗಮನ ಅದರೊಂದಿಗೆ ಸೇರದಿರುವುದೇ ಇದರ ಕಾರಣ. ಅಕ್ಷರ ಬರೆಯುವ ಮೊದಲು ‘ಮನೆ’, ‘ಮಣೆ’ಗಳನ್ನು ಕೇಳಿ ಚಿತ್ರಕ್ಕೆ ಬೆರಳಿಡುವುದು, ‘ಹಳಿ’ ಮತ್ತು ‘ಹಳ್ಳಿ’ ಎನ್ನುವಾಗ ಒತ್ತು ಬರುವಲ್ಲಿ ಚಪ್ಪಾಳೆ ತಟ್ಟುವುದು ಮುಂತಾದ ಸಣ್ಣ ಅಭ್ಯಾಸಗಳು ದನಿಯನ್ನೂ ಚಿಹ್ನೆಯನ್ನೂ ಒಂದಾಗಿಸುತ್ತವೆ. ಪಂಜೆ ಮಂಗೇಶರಾಯರು ಮತ್ತು ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು ತಲೆಮಾರುಗಳಿಂದ ಉಳಿದುಬಂದಿರುವುದಕ್ಕೆ ಅವುಗಳ ಲಯ ಮತ್ತು ಪ್ರಾಸವೂ ಒಂದು ಕಾರಣ. ಪ್ರಾಸವು ದನಿಗಳ ಸಾಮ್ಯವನ್ನು ಎತ್ತಿ ತೋರಿಸಿ, ಯಾರೂ ಹೇಳದೆಯೇ ಮಗುವಿನ ಕಿವಿಯನ್ನು ಆ ಜಾಗಕ್ಕೆ ಕರೆದೊಯ್ಯುತ್ತದೆ.

ಇನ್ನೊಂದು ತೊಡಕು ಆಡುಮಾತಿಗೂ ಬರಹಕ್ಕೂ ಇರುವ ದೂರ. ಮನೆಯಲ್ಲಿ ‘ಹೋಗ್ತೀನಿ’ ಎಂದು ಕೇಳಿದ ಮಗು ಪುಸ್ತಕದಲ್ಲಿ ‘ಹೋಗುತ್ತೇನೆ’ ಎಂದು ಓದುತ್ತದೆ. ಒಂದೇ ತರಗತಿಯಲ್ಲಿ ಮೈಸೂರು, ಮಂಗಳೂರು, ಧಾರವಾಡಗಳ ಕಡೆಯ ಮನೆಗಳ ಮಕ್ಕಳು ಕುಳಿತಿದ್ದರೆ ‘ಹೋಗ್ತೀನಿ’, ‘ಹೋಗ್ತೇನೆ’ಗಳ ಜೊತೆ ‘ಅವ ಬಂದಾನ’ ಎಂಬುದೂ ಕೇಳಿಬರುತ್ತದೆ. ಇವುಗಳಲ್ಲಿ ಒಂದನ್ನು ಸರಿಯೆಂದೂ ಉಳಿದವನ್ನು ತಪ್ಪೆಂದೂ ಸಾರಿದರೆ ಮಗುವಿಗೆ ತನ್ನ ಮನೆಯ ಮಾತಿನ ಬಗ್ಗೆಯೇ ಸಂಶಯ ಹುಟ್ಟುತ್ತದೆ. ಯಾರ ಮನೆಯಲ್ಲಿ ಹೇಗೆ ಹೇಳುತ್ತಾರೆ ಎಂದು ಪಟ್ಟಿಮಾಡಿಸಿದರೆ ಅದೇ ವೈವಿಧ್ಯ ಗಮನಿಸುವಿಕೆಯ ಒಳ್ಳೆಯ ಪಾಠವಾಗುತ್ತದೆ.

ಈ ದೂರವನ್ನು ದಾಟಲು ಕನ್ನಡದ ಪರಂಪರೆಯಲ್ಲೇ ಒಂದು ಮಾದರಿಯಿದೆ. ಗಮಕ ಕಲೆಯಲ್ಲಿ ಗಮಕಿಯು ಕುಮಾರವ್ಯಾಸ ಅಥವಾ ಲಕ್ಷ್ಮೀಶನ ಪದ್ಯವನ್ನು ರಾಗವಾಗಿ, ಪದಗಳನ್ನು ಸ್ಪಷ್ಟವಾಗಿ ಬಿಡಿಸಿ ವಾಚಿಸುತ್ತಾನೆ. ಅನಂತರ ವ್ಯಾಖ್ಯಾನಕಾರನು ಅದೇ ಭಾಗವನ್ನು ಆಡುವ ಕನ್ನಡದಲ್ಲಿ ವಿವರಿಸುತ್ತಾನೆ. ಅಕ್ಷರ ಬಾರದ ಕೇಳುಗರು ಕೂಡ ಶತಮಾನಗಳ ಹಿಂದಿನ ಕಾವ್ಯವನ್ನು ಸವಿಯಲು ಸಾಧ್ಯವಾದದ್ದು ಈ ಎರಡು ಹಂತದ ಆಲಿಸುವಿಕೆಯಿಂದ. ಶಿಕ್ಷಕರು ಪುಸ್ತಕದ ಒಂದು ಸಾಲನ್ನು ನಿಧಾನವಾಗಿ ಓದಿ, ಅದನ್ನೇ ಮನೆಮಾತಿನಲ್ಲಿ ಹೇಳಿ, ಮತ್ತೆ ಮಕ್ಕಳಿಂದ ಓದಿಸುವ ಕ್ರಮದಲ್ಲಿ ಬರಹದ ಕನ್ನಡವು ಅಪರಿಚಿತ ಭಾಷೆಯಾಗಿ ಎದುರಾಗುವುದಿಲ್ಲ, ಮತ್ತು ಒಂದು ತರಗತಿಗೆ ನಾಲ್ಕು ಸಾಲು ಸಾಕಾಗುತ್ತದೆ.

ಮೊದಲು ಗಮನ ಕೊಡಬೇಕಾದವರು

ಮಕ್ಕಳ ಗಮನದ ಬಗ್ಗೆ ದೂರುವ ಮುನ್ನ ಮನೆಯ ಹಿರಿಯರ ಗಮನವನ್ನು ನೋಡಬೇಕಾಗುತ್ತದೆ. ಬೆಲ್ಜಿಯಂನ ಡಚ್ ಭಾಷಿಕ ಪ್ರದೇಶದಲ್ಲಿ, ತಂದೆತಾಯಿಗಳಲ್ಲಿ ಒಬ್ಬರಾದರೂ ಬೇರೆ ಭಾಷೆ ಆಡುವ 1,899 ಕುಟುಂಬಗಳನ್ನು ಪರಿಶೀಲಿಸಿ ಆನಿಕ್ ಡಿ ಹೌವರ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನೆಯಲ್ಲಿ ಆ ಅಲ್ಪಸಂಖ್ಯಾತ ಭಾಷೆ ಕೇಳಿಬರುತ್ತಿದ್ದರೂ ಎಲ್ಲ ಮಕ್ಕಳೂ ಅದನ್ನು ಆಡುತ್ತಿರಲಿಲ್ಲ, ಮತ್ತು ತಂದೆತಾಯಿಗಳಿಬ್ಬರೂ ಮನೆಯಲ್ಲಿ ಆ ಭಾಷೆಯನ್ನು ಬಳಸುತ್ತಾರೋ ಇಲ್ಲವೋ ಎಂಬುದು ಈ ವ್ಯತ್ಯಾಸಕ್ಕೆ ದೊಡ್ಡ ಕಾರಣವಾಗಿತ್ತು. ನಾರ್ವೆಯಲ್ಲಿ ಇಂಗ್ಲಿಷ್ ಮತ್ತು ನಾರ್ವೇಜಿಯನ್ ಕಲಿಯುತ್ತಿದ್ದ ಎಳೆಯರ ಸಂಭಾಷಣೆಗಳನ್ನು ಅಭ್ಯಸಿಸಿದ ಎಲಿಜಬೆತ್ ಲಾಂಜಾ ಇನ್ನೂ ಸೂಕ್ಷ್ಮವಾದುದನ್ನು ಗುರುತಿಸಿದರು: ಮಗು ಬೇರೆ ಭಾಷೆಯಲ್ಲಿ ಉತ್ತರಿಸಿದಾಗ ತಂದೆತಾಯಿಗಳು ಮರುಕ್ಷಣದಲ್ಲಿ ಏನು ಹೇಳುತ್ತಾರೆ ಎಂಬುದು ಮಗುವಿನ ಮುಂದಿನ ಆಯ್ಕೆಯನ್ನು ರೂಪಿಸುತ್ತದೆ. ಮಗು ‘ವಾಟರ್’ ಎಂದಾಗ ಸುಮ್ಮನೆ ಲೋಟ ಕೊಟ್ಟು ಮುಂದೆ ಸಾಗಿದರೆ ಎರಡು ಭಾಷೆಗಳೂ ಇಲ್ಲಿ ನಡೆಯುತ್ತವೆ ಎಂಬ ಸೂಚನೆ ಹೋಗುತ್ತದೆ; ‘ನೀರು ಬೇಕಾ ಪುಟ್ಟ?’ ಎಂದು ಕೇಳಿ ಒಂದು ಕ್ಷಣ ಕಾದರೆ ಕನ್ನಡದ ಪದಕ್ಕೆ ಜಾಗ ತೆರೆಯುತ್ತದೆ. ಆ ಒಂದು ಕ್ಷಣ ಕಾಯಲು ಕೈಯಲ್ಲಿರುವ ಫೋನನ್ನು ಕೆಳಗಿಡಬೇಕಾಗುತ್ತದೆ ಎಂಬುದು ಇಂದಿನ ಮನೆಗಳ ವಾಸ್ತವ.

ನ್ಯೂಜಿಲೆಂಡಿನ ಮಾವೊರಿ ಸಮುದಾಯವು 1982ರಲ್ಲಿ ‘ಕೊಹಂಗ ರೆಯೊ’ ಎಂಬ ಶಿಶುಮಂದಿರಗಳನ್ನು ತೆರೆದಾಗ ಮೊದಲು ನೆಚ್ಚಿದ್ದು ಪಠ್ಯಪುಸ್ತಕವನ್ನಲ್ಲ, ಭಾಷೆ ಬಲ್ಲ ಅಜ್ಜ ಅಜ್ಜಿಯರನ್ನು. ನಡುವಿನ ತಲೆಮಾರು ಭಾಷೆಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದರಿಂದ ಹಿರಿಯರೂ ಶಿಶುಗಳೂ ದಿನವಿಡೀ ಒಟ್ಟಿಗೆ ಹಾಡಿ, ಉಂಡು, ಆಡುವ ವ್ಯವಸ್ಥೆಯನ್ನೇ ಅವರು ಶಿಕ್ಷಣವೆಂದು ಕಂಡರು. ಅಪಾಯದಲ್ಲಿರುವ ಭಾಷೆಗಳ ಪುನರುಜ್ಜೀವನದ ಬಗ್ಗೆ 1991ರಲ್ಲಿ ಪ್ರಮುಖ ಗ್ರಂಥ ಬರೆದ ಜೋಶುವಾ ಫಿಶ್‌ಮನ್ ಒತ್ತಿ ಹೇಳಿದ್ದೂ ಇದನ್ನೇ: ತಲೆಮಾರಿನಿಂದ ತಲೆಮಾರಿಗೆ ಮನೆಯಲ್ಲಿ ದಾಟದ ಭಾಷೆಯನ್ನು ಶಾಲೆಯೊಂದೇ ಉಳಿಸಲಾರದು.

ಗಮನದಿಂದಲೇ ಎಲ್ಲವೂ ಆಗುತ್ತದೆ ಎಂಬ ಉತ್ಪ್ರೇಕ್ಷೆಯೂ ಬೇಡ. ಕನ್ನಡ ಆಡುವ ಜೊತೆಗಾರರಿಲ್ಲದಿದ್ದರೆ, ಊರಿಗೆ ಬಂದಾಗ ಸೋದರಸಂಬಂಧಿಗಳೆಲ್ಲ ಇಂಗ್ಲಿಷಿನಲ್ಲೇ ಮಾತನಾಡಿಸಿದರೆ, ಕಲಿತದ್ದನ್ನು ಬಳಸುವ ಕಾರಣವೇ ಮಗುವಿಗೆ ಕಾಣುವುದಿಲ್ಲ. ಎರಡು ಭಾಷೆ ಬಲ್ಲ ಮಕ್ಕಳ ಬುದ್ಧಿ ಹೆಚ್ಚು ಚುರುಕು ಎಂಬ ಜನಪ್ರಿಯ ವಾದದ ಬಗ್ಗೆ ಸಂಶೋಧಕರಲ್ಲಿ ಇನ್ನೂ ಒಮ್ಮತವಿಲ್ಲದಿರುವಾಗ, ಅದನ್ನು ಕನ್ನಡ ಕಲಿಸುವ ಮುಖ್ಯ ಕಾರಣವನ್ನಾಗಿ ಮಾಡುವುದೂ ಸಲ್ಲದು. ಅಜ್ಜಿಯೊಂದಿಗೆ ಅಜ್ಜಿಯ ಮಾತಿನಲ್ಲೇ ಮಾತನಾಡಬಲ್ಲೆನೆಂಬುದು ಮಗುವಿಗೆ ಸಾಕಾಗುವ ಕಾರಣ.

ಈ ವಿಚಾರ ಹೊರದೇಶಗಳಿಗಷ್ಟೇ ಸೀಮಿತವೂ ಅಲ್ಲ. ಕಾಸರಗೋಡು, ಸೊಲ್ಲಾಪುರ, ಮುಂಬಯಿಗಳಲ್ಲಿ ಬೆಳೆಯುವ ಅನೇಕ ಕನ್ನಡ ಮಕ್ಕಳು ಇಂಥದೇ ಸ್ಥಿತಿಯಲ್ಲಿದ್ದಾರೆ, ಮತ್ತು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಕರ್ನಾಟಕದ ಒಳಗೇ ತುಳು, ಕೊಡವ, ಕೊಂಕಣಿ, ಬ್ಯಾರಿ ಮನೆಗಳ ಮಕ್ಕಳಿಗೆ ಶಾಲೆಯ ಕನ್ನಡ ಮತ್ತು ಇಂಗ್ಲಿಷ್‌ಗಳೇ ದೊಡ್ಡ ಭಾಷೆಗಳು. ಯುನೆಸ್ಕೊದ ಅಪಾಯದಲ್ಲಿರುವ ಭಾಷೆಗಳ ಭೂಪಟದಲ್ಲಿ ತುಳು ಮತ್ತು ಕೊಡವ ಎರಡೂ ಸೇರಿವೆ. ಹೊರನಾಡಿನಲ್ಲಿ ತನ್ನ ಮಗುವಿನ ಮನೆಮಾತಿಗೆ ಮನ್ನಣೆ ಬಯಸುವ ಕನ್ನಡ ಸಮಾಜ, ತನ್ನ ಶಾಲೆಗಳಿಗೆ ಬರುವ ಈ ಮಕ್ಕಳ ಮನೆಮಾತಿಗೂ ಅದೇ ಮನ್ನಣೆ ಕೊಡಬೇಕಾಗುತ್ತದೆ.

ಆದ್ದರಿಂದ ವಾರಾಂತ್ಯದ ತರಗತಿಯನ್ನು ಅಳೆಯುವಾಗ ಎಷ್ಟು ಅಕ್ಷರ ಮುಗಿಯಿತು, ವಾರ್ಷಿಕೋತ್ಸವದಲ್ಲಿ ಎಷ್ಟು ಹಾಡು ಒಪ್ಪಿಸಿದರು ಎಂಬ ಲೆಕ್ಕದ ಜೊತೆ ಬೇರೆ ಪ್ರಶ್ನೆಗಳನ್ನೂ ಕೇಳಬೇಕು: ಮಗು ಈ ವಾರ ಕನ್ನಡದ ಯಾವ ಹೊಸ ವ್ಯತ್ಯಾಸವನ್ನು ತಾನೇ ಗುರುತಿಸಿತು, ಯಾವ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿತು, ಅದಕ್ಕೆ ಉತ್ತರಿಸಲು ದೊಡ್ಡವರೊಬ್ಬರು ನಿಂತು ಆಲಿಸಿದರೆ? ವರ್ಷದ 72 ಗಂಟೆಗಳು ಭಾಷೆಯೊಂದನ್ನು ಕಟ್ಟಿಕೊಡಲು ಸಾಲವು, ಆದರೆ ವಾರದ ಉಳಿದ ದಿನಗಳಲ್ಲಿ ಮನೆಯಲ್ಲಿ ಕೇಳುವ ಕನ್ನಡವನ್ನು ಹೇಗೆ ಗಮನಿಸಬೇಕೆಂಬುದನ್ನು ಮಗುವಿಗೂ, ಆ ಕನ್ನಡವನ್ನು ಹೇಗೆ ಆಡಬೇಕೆಂಬುದನ್ನು ತಂದೆತಾಯಿಗಳಿಗೂ ಕಲಿಸಲು ಸಾಕು.